ಇಲ್ಲ ಬೇರೆ, ಬರೆದಿಲ್ಲ ಬೇರೆ

ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವ ಪದ್ಧತಿಯು ನಮ್ಮ ಕಡೆಯ ಮನೆಗಳಲ್ಲಿ ಇಂದಿಗೂ ಉಂಟು. ಹಾಲು ಬಂದ ದಿನ ಅದರ ಅಳತೆಯನ್ನೂ ಬಾರದ ದಿನ ಒಂದು ಅಡ್ಡಗೆರೆಯನ್ನೂ ಗೃಹಿಣಿಯು ಹಾಕುವಳು. ತಿಂಗಳ ಕೊನೆಗೆ ಯಾವದಾದರೊಂದು ದಿನದ ಚೌಕವು ಬರಿದಾಗಿ ಉಳಿದಿದ್ದರೆ ವಾದವು ಆರಂಭವಾಗುವದು. ಅಂದು ಹಾಲೇ ಬರಲಿಲ್ಲವೋ, ಬಂದದ್ದನ್ನು ಬರೆಯಲು ಮರೆತರೋ? ಅಡ್ಡಗೆರೆಯು ಒಂದು ಸಾಕ್ಷಿ. ಬರಿದಾದ ಚೌಕವು ಯಾವದಕ್ಕೂ ಸಾಕ್ಷಿಯಲ್ಲ. ಈ ಅಲ್ಪವಾದ ವಿಷಯವೇ ಗಣಕಯಂತ್ರಕ್ಕೆ ಅರ್ಥವನ್ನು ಕಲಿಸಹೊರಟ ಪಂಡಿತರಿಗೆ ದೊಡ್ಡ ತೊಡಕಾಗಿರುವದರಿಂದ, ಈ ತಿಂಗಳು ಅದನ್ನೇ ವಿಚಾರಿಸೋಣ.

ಗಣಕಯಂತ್ರದಲ್ಲಿ ಮಾಹಿತಿಯನ್ನು ಬಹುಕಾಲ ಕೋಷ್ಟಕಗಳಲ್ಲಿಯೇ ಇಡುತ್ತ ಬಂದರು. ಕೋಷ್ಟಕದಲ್ಲಿ ಹೆಸರು, ಊರು, ವಯಸ್ಸು ಎಲ್ಲವೂ ಇರುವವು; ಆದರೆ ಅವುಗಳೊಳಗಿನ ಸಂಬಂಧವೇನೆಂಬದು ಬರೆದವನ ತಲೆಯಲ್ಲಿರುವದೇ ಹೊರತು ಯಂತ್ರಕ್ಕೆ ತಿಳಿಯದು. 1976ರಲ್ಲಿ ಪೀಟರ್ ಚೆನ್ ಎಂಬ ವಿದ್ವಾಂಸರು ವಸ್ತುಗಳಿಗೂ ಅವುಗಳ ಸಂಬಂಧಗಳಿಗೂ ಬೇರೆ ಬೇರೆ ಹೆಸರಿಟ್ಟು ನಕ್ಷೆ ಬರೆಯುವ ಕ್ರಮವೊಂದನ್ನು ಪ್ರಕಟಿಸಿದರು. ತರುವಾಯ 1999ರಲ್ಲಿ, ಜಾಗತಿಕ ಜಾಲದ ನಿಯಮಗಳನ್ನು ಗೊತ್ತುಪಡಿಸುವ ಸಂಸ್ಥೆಯು, ಮಾಹಿತಿಯನ್ನು ಮೂರು ಅಂಗಗಳ ಚಿಕ್ಕ ವಾಕ್ಯಗಳಾಗಿ ಬರೆಯುವ ರೀತಿಯನ್ನು ಅಂಗೀಕರಿಸಿತು. ‘ಗಂಗವ್ವ ಬಸಪ್ಪನ ತಾಯಿ’ ಎಂಬಲ್ಲಿ ಇಬ್ಬರು ವ್ಯಕ್ತಿಗಳು, ನಡುವೆ ಒಂದು ಸಂಬಂಧ. ಇಂಥ ವಾಕ್ಯಗಳನ್ನು ಒಂದಕ್ಕೊಂದು ಕೂಡಿಸಿದರೆ ಅರ್ಥದ ಬಲೆಯಾಗುವದು. ಈ ಬಲೆಯಲ್ಲಿ ಏನೇನು ವಸ್ತುಗಳಿರಬೇಕು, ಯಾವ ಸಂಬಂಧಗಳಿರಬೇಕು ಎಂದು ಮೊದಲೇ ನಿಶ್ಚಯಿಸುವ ಕೆಲಸಕ್ಕೆ ಅರ್ಥಾನುಸಾರಿಯಾದ ಮಾಹಿತಿ-ರಚನೆಯೆನ್ನಬಹುದು.

ಬಲೆಯೇ ಏಕೆ, ವೃಕ್ಷ ಸಾಲದೇ ಎಂದು ಕೇಳುವವರಿಗೆ ನಮ್ಮ ಮನೆತನಗಳೇ ಉತ್ತರ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ರೂಢಿಯುಳ್ಳ ಮನೆಯ ವಂಶವೃಕ್ಷವನ್ನು ಬರೆಯಲು ಕುಳಿತರೆ, ಅಗಲಿದ ಕೊಂಬೆಗಳು ತಿರುಗಿ ಬಂದು ಕೂಡಿಕೊಳ್ಳುವವು. ಆ ಮದುಮಗಳು ಮನೆಯ ಹಿರಿಯಳಿಗೆ ಮೊಮ್ಮಗಳೂ ಅಹುದು, ಸೊಸೆಯೂ ಅಹುದು. ವೃಕ್ಷದಲ್ಲಿ ಅವಳನ್ನು ಎರಡು ಕಡೆಗೆ ಬರೆಯಬೇಕು; ಬಲೆಯಲ್ಲಾದರೋ ಅವಳು ಒಬ್ಬಳೇ, ಎಳೆಗಳು ಎರಡು. ಹಾಗೆಯೇ ಕಾಕಾ, ದೊಡ್ಡಪ್ಪ, ಸೋದರಮಾವ ಇವರೆಲ್ಲರನ್ನೂ ಇಂಗ್ಲಿಷಿನ ‘ಅಂಕಲ್’ ಎಂಬ ಒಂದೇ ಪದದಲ್ಲಿ ತುಂಬಿದ ತಂತ್ರಾಂಶವು ನಮ್ಮ ಮನೆಯನ್ನು ಅರಿಯಲಾರದು.

ಬಲೆ ಹೆಣೆಯುವ ತಂತ್ರಾಂಶಗಳೇನೋ ಇವೆ. ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಪ್ರೊಟೆಜೆ’ ಎಂಬದು ಅವುಗಳಲ್ಲಿ ಪ್ರಸಿದ್ಧವಾದದ್ದು. ಆದರೆ ಅದನ್ನು ತೆರೆದವನಿಗೆ ತರ್ಕಶಾಸ್ತ್ರದ ಪರಿಭಾಷೆಯೇ ಮೊದಲು ಎದುರಾಗುವದು. ಹೊಸಬರು ಇದರಲ್ಲಿ ಎಲ್ಲೆಲ್ಲಿ ಎಡವುತ್ತಾರೆಂಬದನ್ನು ಇಂಗ್ಲಂಡದ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಧ್ಯಾಪಕರು 2004ರಲ್ಲಿ ಪಿಝಾ ಎಂಬ ತಿನಿಸಿನ ಉದಾಹರಣೆಯಿಂದ ವಿವರಿಸಿದರು. ಪಿಝಾದ ಮೇಲೆ ಚೀಸ್ ಇದೆ, ಟೊಮೇಟೊ ಇದೆ ಎಂದು ಯಂತ್ರಕ್ಕೆ ಹೇಳಿ, ಇದು ಶಾಕಾಹಾರವೇ ಎಂದು ಕೇಳಿದರೆ ಅದು ಒಪ್ಪುವದಿಲ್ಲ. ‘ಇವೆರಡೇ ಇವೆ, ಬೇರೊಂದಿಲ್ಲ’ ಎಂದು ಯಾರೂ ಹೇಳಲಿಲ್ಲವಷ್ಟೆ! ಹೇಳದೆ ಬಿಟ್ಟದ್ದರಲ್ಲಿ ಮಾಂಸವೂ ಇದ್ದೀತು. ಸಾಧಾರಣ ಕೋಷ್ಟಕಗಳ ನ್ಯಾಯವು ಇದಕ್ಕೆ ವಿರುದ್ಧವಾದದ್ದು. ಬರೆಯದಿದ್ದದ್ದು ಇಲ್ಲವೆಂದೇ ಅಲ್ಲಿಯ ಎಣಿಕೆ. ಎರಡು ನ್ಯಾಯಗಳೂ ತಮ್ಮ ತಮ್ಮ ಸ್ಥಾನದಲ್ಲಿ ಬೇಕಾದವುಗಳೇ. ಎಲ್ಲಿ ಯಾವದು ನಡೆಯುತ್ತದೆಂದು ಬಳಸುವವನಿಗೆ ತಿಳಿಸದಿರುವದು ಮಾತ್ರ ದೋಷವು.

ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರಿಗೆ ಇದು ತೀರ ಹೊಸದೆನಿಸದು. ಅಲ್ಲಿ ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯಗಳೊಡನೆ ಅಭಾವವನ್ನೂ ಏಳನೆಯ ಪದಾರ್ಥವೆಂದು ಎಣಿಸಿದೆ. ಯಾವದರ ಅಭಾವ, ಎಲ್ಲಿ ಅಭಾವ ಎಂಬೆರಡನ್ನೂ ಹೇಳಿದಾಗಲೇ ‘ಇಲ್ಲ’ ಎಂಬ ಮಾತು ಜ್ಞಾನವೆನಿಸುವದು. ಬೆಳಕಿನಲ್ಲಿ ನೋಡಿ, ನೆಲದ ಮೇಲೆ ಕೊಡವಿಲ್ಲವೆನ್ನುವದು ಬೇರೆ. ಕತ್ತಲೆಯಲ್ಲಿ ಕೊಡವು ಕಾಣಲಿಲ್ಲವೆನ್ನುವದು ಬೇರೆ. ನಮ್ಮ ಪೂರ್ವಿಕರು ಗಣಕಯಂತ್ರವನ್ನು ಬಲ್ಲವರಾಗಿದ್ದರೆಂದು ನಾವು ಹೇಳುವದಿಲ್ಲ. ಅಂಥ ಜಂಬವು ಶಾಸ್ತ್ರಕ್ಕೆ ಶೋಭಿಸದು. ಪ್ರಶ್ನೆಯು ಹಳೆಯದೆಂದಷ್ಟೇ ನಮ್ಮ ಅಭಿಪ್ರಾಯ.

2012ರಲ್ಲಿ ಆರಂಭವಾದ ‘ವಿಕಿಡೇಟಾ’ ಎಂಬ ಸಾರ್ವಜನಿಕ ಮಾಹಿತಿಕೋಶವು ಈ ಭೇದವನ್ನು ಪಾಲಿಸಿರುವದು ಸಂತೋಷದ ಸಂಗತಿ. ಒಬ್ಬ ವ್ಯಕ್ತಿಯ ಮಕ್ಕಳ ವಿಷಯದಲ್ಲಿ ಹೆಸರನ್ನು ಬರೆಯಬಹುದು, ‘ಇಲ್ಲ’ವೆಂದು ಬರೆಯಬಹುದು, ‘ಉಂಟು, ಆದರೆ ಯಾರೆಂದು ತಿಳಿಯದು’ ಎಂದೂ ಬರೆಯಬಹುದು. ಸಂಬಂಧಗಳಿಗೆ ಒಳಗೊಳಗೆ ಅಂಕೆಗಳಿದ್ದರೂ, ಬಳಸುವವನಿಗೆ ಅವನ ಭಾಷೆಯ ಹೆಸರುಗಳೇ ಕಾಣುವಂತೆ ಏರ್ಪಾಡು ಮಾಡಿದ್ದಾರೆ. ಆದರೆ ಅಲ್ಲಿಯೂ ಒಡಹುಟ್ಟಿದವರಿಗೆಲ್ಲ ಒಂದೇ ಸಂಬಂಧ. ಅಣ್ಣನೋ ತಮ್ಮನೋ ಎಂಬದನ್ನು ಜನ್ಮದಿನಾಂಕಗಳಿಂದಲೇ ಅರಿಯಬೇಕು.

ಇದೆಲ್ಲ ಪಂಡಿತರ ವಿನೋದವೆಂದು ಗೃಹಸ್ಥರು ತಿಳಿಯಬಾರದು. ನಮ್ಮ ರಾಜ್ಯದ ‘ಭೂಮಿ’ ಯೋಜನೆಯು 2000ದ ಸುಮಾರಿಗೆ ಆರಂಭವಾಗಿ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಸಾವಳಗಿಯ ಕಡೆಗೆ ಉತಾರವೆನ್ನುವ ಆ ಪತ್ರದ 9ನೆಯ ಕಾಲಮಿನಲ್ಲಿ ಹೊಲದ ಒಡೆಯರ ಹೆಸರು, 11ರಲ್ಲಿ ಇತರ ಹಕ್ಕುಗಳೂ ಋಣವೂ ಇರುವವು. ಕೈಬರಹದ ಕಾಲದ ಎಷ್ಟೋ ತೊಂದರೆಗಳು ಇದರಿಂದ ತಪ್ಪಿದವೆಂಬದು ನಿರ್ವಿವಾದ. ಆದರೆ ಯಜಮಾನನು ತೀರಿಕೊಂಡು ವಾರಸಾ ಮಾಡಿಸುವ ಪ್ರಸಂಗ ಬಂದಾಗ ವಂಶಾವಳಿಯೊಂದು ಬೇಕಾಗುವದು. ಅದರ ವಿವರವನ್ನು ಹೇಳತಕ್ಕವರು ಮನೆಯವರೇ. ಮೂವರು ಗಂಡುಮಕ್ಕಳ ಹೆಸರನ್ನು ಬರೆಯಿಸಿ, ಕೊಟ್ಟ ಮನೆಯಲ್ಲಿರುವ ಮಗಳ ಹೆಸರನ್ನು ಬಿಟ್ಟರೆ ಆ ಕಾಗದವು ಏನು ಹೇಳುವದು? ಮಗಳೇ ಇಲ್ಲವೆಂದೇ? ಇದ್ದವಳು ಹಕ್ಕನ್ನು ಬಿಟ್ಟುಕೊಟ್ಟಳೆಂದೇ? ಅಥವಾ ಅವಳನ್ನು ಯಾರೂ ಕೇಳಲಿಲ್ಲವೆಂದೇ? ಮೂರು ಅರ್ಥಗಳಿಗೂ ಅದೇ ಬರಿದಾದ ಜಾಗ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು, ಮರಣಪತ್ರವಿಲ್ಲದೆ ತೀರಿಕೊಂಡ ತಂದೆಯ ಸ್ವಂತ ಆಸ್ತಿಗೆ ಮಗಳನ್ನೂ ಮಗನ ಸಾಲಿನಲ್ಲಿಯೇ ವಾರಸುದಾರಳನ್ನಾಗಿ ಮಾಡಿತು. 2005ರ ತಿದ್ದುಪಡಿಯು ಪಿತ್ರಾರ್ಜಿತದಲ್ಲಿಯೂ ಅವಳಿಗೆ ಜನ್ಮದಿಂದಲೇ ಮಗನಷ್ಟು ಹಕ್ಕನ್ನು ಕೊಟ್ಟಿತು. ಕಾಯ್ದೆಯು ಕೊಟ್ಟದ್ದು ಒಂದು ಚೌಕದ ಮೌನದಲ್ಲಿ ಮುಚ್ಚಿಹೋಗುವದು ನ್ಯಾಯವೇ?

ಆದಕಾರಣ ಇಂಥ ತಂತ್ರಾಂಶವನ್ನು ರಚಿಸುವ ತರುಣರಿಗೆ ನಾವು ಮೂರು ಮಾತುಗಳನ್ನು ಹೇಳಬಯಸುವೆವು. ಮೊದಲನೆಯದು, ಮನೆಯ ಮಾತಿನಲ್ಲಿಯೇ ಕೇಳಿರಿ. ‘ತೀರಿಕೊಂಡವರಿಗೆ ಹೆಣ್ಣುಮಕ್ಕಳೆಷ್ಟು?’ ಎಂದು ನೇರವಾಗಿ ಕೇಳಿ, ‘ಇಲ್ಲ’ವೆಂದರೆ ಹಾಗೆ ಹೇಳಿದವರ ಹೆಸರನ್ನೂ ದಿನಾಂಕವನ್ನೂ ಕೂಡಿಸಿ ಬರೆದಿಡಿರಿ. ಎರಡನೆಯದು, ಬರೆದದ್ದನ್ನು ಕನ್ನಡ ವಾಕ್ಯಗಳಲ್ಲಿ ತಿರುಗಿ ಓದಿ ಹೇಳಿಸಿರಿ. ‘ನೀಲವ್ವ ಶಿವಪ್ಪನ ಮಗಳು, ಶಿವಪ್ಪನಿಗೆ ಬೇರೆ ಹೆಣ್ಣುಮಕ್ಕಳಿಲ್ಲ, ಇದು ನಿಜವೇ?’ ಎಂದರೆ, ನಕ್ಷೆಯನ್ನು ಅರಿಯದ ಮುದುಕಿಯೂ ತಪ್ಪನ್ನು ಹಿಡಿಯಬಲ್ಲಳು. ಮೂರನೆಯದು, ‘ತಿಳಿಯದು’ ಎಂಬ ಉತ್ತರಕ್ಕೂ ಸ್ಥಳವಿರಲಿ. ಬಲವಂತದಿಂದ ಕೇಳಿದಲ್ಲಿ ಸುಳ್ಳು ಉತ್ತರವು ಹುಟ್ಟುವದು. ಹಳೆಯ ಶಾಲಾದಾಖಲೆಗಳಲ್ಲಿ ಜೂನ್ 1ರಂದೇ ಹುಟ್ಟಿದವರು ಎಷ್ಟೊಂದು ಮಂದಿ ಎಂಬದನ್ನು ಅಧ್ಯಾಪಕವರ್ಗವೆಲ್ಲ ಬಲ್ಲದು.

ಗೃಹಸ್ಥರಲ್ಲಿಯೂ ಒಂದು ಬಿನ್ನಹ. ತಂತ್ರಾಂಶವು ಸುಧಾರಿಸುವವರೆಗೆ ಕಾಯಬೇಕಾಗಿಲ್ಲ. ಹಿರಿಯರು ಬದುಕಿರುವಾಗಲೇ ಮನೆಯ ವಂಶಾವಳಿಯನ್ನು ಒಂದು ಹಾಳೆಯ ಮೇಲೆ ಬರೆದಿಡಿರಿ. ಕೊಟ್ಟ ಹೆಣ್ಣುಮಕ್ಕಳು, ದತ್ತಕ ಹೋದವರು, ಬಂದವರು, ಬಾಲ್ಯದಲ್ಲಿ ತೀರಿಕೊಂಡವರು ಯಾರನ್ನೂ ಬಿಡಬೇಡಿರಿ. ಇಲ್ಲದ ಕಡೆಗೆ ‘ಇಲ್ಲ’ವೆಂದೂ ಅರಿಯದ ಕಡೆಗೆ ‘ತಿಳಿಯದು’ ಎಂದೂ ಸ್ಪಷ್ಟವಾಗಿ ಬರೆದು, ಕೆಳಗೆ ದಿನಾಂಕ ಹಾಕಿ, ಮನೆಯ ಹೆಣ್ಣುಮಕ್ಕಳಿಗೂ ಒಂದು ಪ್ರತಿಯನ್ನು ಕೊಡಿರಿ.