ಶೇಕಡಾವಾರಿನ ಆಚೆಗೆ



ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, ಯಾವ ಶಾಲೆಗೆ ಶೇಕಡಾ ಎಷ್ಟು ಎಂಬುದು. ಆ ಒಂದು ಅಂಕಿಯನ್ನೇ ನಂಬಿ ಊರಿನ ಸರ್ಕಾರಿ ಶಾಲೆಯಿಂದ ಮಗುವನ್ನು ಬಿಡಿಸಿ ಪಟ್ಟಣಕ್ಕೆ ಕಳುಹಿಸುವವರೂ ಉಂಟು. ಆದರೆ ಆ ಅಂಕಿ ಹೇಳುವುದಾದರೂ ಏನು?

ಅತ್ತಿಗುಂಡಿಯಂತಹ ಗಿರಿಗ್ರಾಮಗಳ ಸೀಮೆಯಲ್ಲಿ ಶಾಲೆಗಳು ಚಿಕ್ಕವು. ಪರೀಕ್ಷೆಗೆ ಕುಳಿತವರು 10 ಮಕ್ಕಳಾದರೆ, ಒಬ್ಬನು ಅನುತ್ತೀರ್ಣನಾದೊಡನೆ ಫಲಿತಾಂಶ ಶೇ. 90ಕ್ಕೆ ಇಳಿಯುತ್ತದೆ. 200 ಮಕ್ಕಳಿರುವ ಪಟ್ಟಣದ ಶಾಲೆಯಲ್ಲಿ ಒಬ್ಬನು ಅನುತ್ತೀರ್ಣನಾದರೂ ಅದು ಶೇ. 99.5ರಲ್ಲಿಯೇ ನಿಲ್ಲುತ್ತದೆ. ಎರಡು ಕಡೆಯೂ ಎಡವಿದ್ದು ಒಂದೇ ಮಗು. ಅದೂ ಅಲ್ಲದೆ, ಪರೀಕ್ಷೆಗೆ ಮುಂಚಿನ ತಿಂಗಳುಗಳೇ ಕಾಫಿ ಕೊಯ್ಲಿನ ಕಾಲ. ತೋಟದ ಲೈನ್ ಮನೆಗಳ ಮಕ್ಕಳಿಗೆ ಆಗ ಓದಿಗಿರುವ ಬಿಡುವು ಎಷ್ಟೆಂಬುದನ್ನು ನಾವೇ ಬಲ್ಲೆವು.

ಜಿಲ್ಲೆಗಳ ಸ್ಥಾನಗಳನ್ನೇ ನೋಡಿ. 2023ರಲ್ಲಿ ಚಿತ್ರದುರ್ಗವು ಪ್ರಥಮ, ಉಡುಪಿ 18ನೆಯದು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ನಿಗಾ ಬಂದಿತು. ಆ ವರ್ಷ ಉಡುಪಿ ಪ್ರಥಮ ಸ್ಥಾನಕ್ಕೇರಿತು. ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಗುರುಗಳ ಬೋಧನೆ ಇಷ್ಟು ಬದಲಾಗಲು ಸಾಧ್ಯವೇ? ಅಳೆಯುವ ಕೋಲು ಬದಲಾದರೆ ಅಳತೆಯೂ ಬದಲಾಗುವುದು ಸಹಜ.

ಹಾಗೆಂದು ಹೋಲಿಕೆಯೇ ಬೇಡವೆಂದಲ್ಲ, ಸರಿಯಾದುದನ್ನು ಹೋಲಿಸಬೇಕು. ಎಂಟನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಪರೀಕ್ಷೆಯವರೆಗೆ ಉಳಿದರು? ದುರ್ಬಲ ಮಗುವನ್ನು ಶಾಲೆಯು ಕೈಹಿಡಿದು ನಡೆಸಿತೋ, ಶೇಕಡಾವಾರು ಕೆಡದಿರಲೆಂದು ಹೊರಗಟ್ಟಿತೋ? ಗಣಿತಕ್ಕೆ, ಇಂಗ್ಲಿಷಿಗೆ ಗುರುಗಳಿರುವರೋ? ಐದು ವರ್ಷಗಳ ಫಲಿತಾಂಶ ಒಟ್ಟಾಗಿ ಏನನ್ನು ಹೇಳುತ್ತದೆ?

ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಜಾತಿಮತಗಳನ್ನೆಣಿಸದೆ ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. ಗೆಲ್ಲುವ ಮಕ್ಕಳನ್ನಷ್ಟೇ ಆರಿಸಿಕೊಳ್ಳುವುದು ದಾಸೋಹವಲ್ಲ. ಹಿಂದುಳಿದ ಮಗುವನ್ನು ಒಂದು ಹೆಜ್ಜೆ ಮುಂದಕ್ಕೆ ತಂದ ಗುರುವಿನ ಕಾಯಕವೂ ಪೂಜ್ಯವಾದುದೇ.

ಉಳ್ಳವರ ಮಕ್ಕಳು ಒಬ್ಬೊಬ್ಬರಾಗಿ ಹೊರಟರೆ ಊರಿನ ಶಾಲೆ ಬರಿದಾಗುತ್ತದೆ. ಉಳಿಯುವವರು ಬೇರೆ ದಾರಿಯಿಲ್ಲದ ಮಕ್ಕಳು. ಆದುದರಿಂದ ಮಗುವಿನ ವರ್ಗಾವಣೆ ಪತ್ರ ಕೇಳುವ ಮುನ್ನ ಒಂದು ದಿನ ಆ ಶಾಲೆಗೆ ಹೋಗಿ ಕುಳಿತು ಬನ್ನಿರಿ. ಮಕ್ಕಳ ನೋಟುಪುಸ್ತಕ ತೆರೆಯಿರಿ, ಗುರುಗಳೊಡನೆ ಮಾತನಾಡಿರಿ. ಕೊರತೆ ಕಂಡರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಿರಿ; ಕೈಲಾದುದನ್ನು ನೀವೂ ನೀಡಿರಿ. ಆಮೇಲೆ ತೀರ್ಮಾನ ನಿಮ್ಮದು.