ಹಳ್ಳಿಯನ್ನು ಕೇಳದೆ ಹಳ್ಳಿಯ ನಾಳೆಯನ್ನು ಬರೆಯಬಹುದೇ?



ನಿಮ್ಮ ಮನೆಗೆ ಒಂದು ಕೋಣೆ ಕಟ್ಟಿಸಬೇಕೆಂದಿದ್ದೀರಿ. ಗವಂಡಿ ಬಂದು ನಿಮ್ಮನ್ನು ಕೇಳದೆ ಬಾಗಿಲು ಎಲ್ಲಿ, ಕಿಟಕಿ ಎಲ್ಲಿ ಎಂದು ತಾನೇ ನಿರ್ಧರಿಸಿ ಗೋಡೆ ಎಬ್ಬಿಸಿದರೆ ನೀವು ಸುಮ್ಮನಿರುವಿರಾ? ಒಂದು ಕೋಣೆಯ ವಿಷಯದಲ್ಲಿ ಸಹಿಸದ ಈ ಅನ್ಯಾಯವನ್ನು ಇಡೀ ಊರಿನ ವಿಷಯದಲ್ಲಿ ನಾವು ವರ್ಷವರ್ಷವೂ ಸಹಿಸುತ್ತಿದ್ದೇವೆ. ರಸ್ತೆ ಎಲ್ಲಿ, ಚರಂಡಿ ಯಾವ ಓಣಿಗೆ, ಕೆರೆಯ ಹೂಳು ಯಾವಾಗ ಎಂಬುದೆಲ್ಲ ಕಾಗದದ ಮೇಲೆ ತೀರ್ಮಾನವಾಗಿ ಬರುತ್ತದೆ. ನಾವು ಅದಕ್ಕೆ ಹೆಬ್ಬೆಟ್ಟು ಒತ್ತುತ್ತೇವೆ, ಇಲ್ಲವೇ ಅಷ್ಟನ್ನೂ ಮಾಡದೆ ಮನೆಯಲ್ಲಿ ಕೂಡುತ್ತೇವೆ.

'ಹಳ್ಳಿಯವರಿಗೆ ಯೋಜನೆಯ ವಿಚಾರ ತಿಳಿಯದು' ಎಂಬ ಮಾತನ್ನು ಕಚೇರಿಗಳಲ್ಲಿ ಮಾತ್ರವಲ್ಲ, ಓದಿದ ನಮ್ಮ ಮಕ್ಕಳ ಬಾಯಲ್ಲಿಯೂ ಕೇಳುತ್ತೇವೆ. ಈ ಮಾತನ್ನು ಬೇರೆಲ್ಲಿ ಆಡಿದರೂ ಗದಗ ಸೀಮೆಯಲ್ಲಿ ಆಡಬಾರದು. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘ ಹುಟ್ಟಿದ್ದು ಮುಂಬಯಿಯಲ್ಲೂ ಅಲ್ಲ, ಮದರಾಸಿನಲ್ಲೂ ಅಲ್ಲ. ಗದಗಿನ ನೆರೆಯ ಕಣಗಿನಹಾಳದಲ್ಲಿ, 1905ರಲ್ಲಿ. ಸಹಕಾರದ ಕಾಯ್ದೆ ಬಂದು ಒಂದೇ ವರ್ಷವಾಗಿತ್ತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ, ಸಾಲದ ಶೂಲದಿಂದ ರೈತನನ್ನು ಬಿಡಿಸುವ ದಾರಿಯನ್ನು ಊರೊಳಗೇ ಹುಡುಕಿದರು. ನೂರಿಪ್ಪತ್ತು ವರ್ಷಗಳ ಹಿಂದೆ ಇಂಥ ಸಂಸ್ಥೆ ಕಟ್ಟಿದ ನೆಲದವರಿಗೆ ಇಂದು ಚರಂಡಿ ಎತ್ತ ಹರಿಯಬೇಕೆಂದು ಹೇಳುವ ಬುದ್ಧಿಯಿಲ್ಲವೇ?

ಕೇಳದೆ ಮಾಡಿದ ಯೋಜನೆಯ ಗತಿ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಾಗಿಲ್ಲ. 2010ರ ಜೂನ್‌ನಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ ಒಪ್ಪಂದವಾಯಿತು. ಅದಕ್ಕಾಗಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತ ಮೂರು ಸಾವಿರಕ್ಕೂ ಹೆಚ್ಚು ಎಕರೆ ಭೂಮಿಯ ಸ್ವಾಧೀನಕ್ಕೆ ಸರ್ಕಾರ ಮುಂದಾಯಿತು. ರೈತರು ಬೀದಿಗಿಳಿದರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಅವರ ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ಕಾರ್ಖಾನೆ ಬರಬೇಕಿತ್ತೇ ಬೇಡವೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಕೇಳಬೇಕಾದ ಮಾತನ್ನು ಬೀದಿಯಲ್ಲಿ ಘೋಷಣೆಯಾದ ಮೇಲೆ ಕೇಳಿದರೆ, ಅದನ್ನು ಸಮಾಲೋಚನೆ ಎನ್ನಲಾದೀತೇ?

ಕಪ್ಪತಗುಡ್ಡದ ಕಥೆಯೂ ಹೀಗೆಯೇ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆ, 2016ರಲ್ಲಿ ಆ ಘೋಷಣೆಯೇ ವಾಪಸ್ಸು, ಜನರು ಗದಗಿನಲ್ಲಿ ಧರಣಿ ಕೂತ ಮೇಲೆ 2017ರಲ್ಲಿ ಮತ್ತೆ ಘೋಷಣೆ, 2019ರಲ್ಲಿ ವನ್ಯಜೀವಿಧಾಮ. ಗುಡ್ಡದ ಔಷಧಿ ಸಸ್ಯಗಳನ್ನೂ ಅಲ್ಲಿಂದ ಇಳಿಯುವ ಹಳ್ಳಗಳನ್ನೂ ಬಲ್ಲ ಶಿರಹಟ್ಟಿ, ಮುಂಡರಗಿಯ ಹಳ್ಳಿಗಳನ್ನು ಮೊದಲೇ ಕೂಡಿಸಿಕೊಂಡಿದ್ದರೆ ಇಷ್ಟು ಹಿಂದುಮುಂದಾಗುವ ಪ್ರಸಂಗ ಬರುತ್ತಿತ್ತೇ?

ಕಾನೂನಿನ ಕೊರತೆಯಂತೂ ಇಲ್ಲ. ಸಂವಿಧಾನದ 73ನೆಯ ತಿದ್ದುಪಡಿ ಗ್ರಾಮಸಭೆಗೆ ಸಂವಿಧಾನದಲ್ಲೇ ಸ್ಥಾನ ಕೊಟ್ಟಿದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮೊದಲು ವಾರ್ಡ್ ಸಭೆ ತನ್ನ ಬೇಡಿಕೆಗಳನ್ನು ಪಟ್ಟಿ ಮಾಡಬೇಕು, ಬಳಿಕ ಗ್ರಾಮಸಭೆ ಅವುಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂದು ನಿರ್ಧರಿಸಬೇಕು. ಇದನ್ನೇ ಕಲಿಸುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೊಂದು 2016ರಿಂದ ನಮ್ಮ ಗದಗಿನಲ್ಲೇ ಇದೆ. ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ ಅಲ್ಲವೇ?

'ಸಭೆ ಕರೆದರೆ ಜನ ಬರುವುದಿಲ್ಲ, ಬಂದವರು ಜಗಳವಾಡುತ್ತಾರೆ' ಎಂದು ಅಧಿಕಾರಿಗಳು ಹೇಳುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಸಭೆಯನ್ನು ಕರೆಯುವ ರೀತಿಯನ್ನೂ ನೋಡಿ. ಮುಂದಿನ ವರ್ಷದ ಯೋಜನೆಗಾಗಿ ಗ್ರಾಮಸಭೆಗಳು ಅಕ್ಟೋಬರ್ 2ರಿಂದ ಆರಂಭವಾಗುತ್ತವೆ. ಅದು ನಮ್ಮ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತುವ ಕಾಲ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಕೂರಿಗೆ ಹಿಡಿದವನು ಬರುವುದು ಹೇಗೆ, ಕೂಲಿಗೆ ಹೋದ ತಾಯಿ ಬರುವುದು ಹೇಗೆ? ಬಂದರೂ ಮನೆ ಯಾರಿಗೆ, ಶೌಚಾಲಯ ಯಾರಿಗೆ ಎಂಬ ಪಟ್ಟಿಯ ಗದ್ದಲದಲ್ಲಿ ಊರಿನ ಹತ್ತು ವರ್ಷದ ಮುಂದಿನ ಮಾತಿಗೆ ಜಾಗವೆಲ್ಲಿ? ಬರಲಾಗದ ಹೊತ್ತಿಗೆ ಕರೆದು, ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಇನ್ನು ನಮ್ಮ ತಪ್ಪಿನ ಲೆಕ್ಕ. ಮನೆಯ ಹೆಣ್ಣುಮಕ್ಕಳು ಸಭೆಗೆ ಹೊರಟರೆ 'ಅಲ್ಲಿ ನಿನಗೇನು ಕೆಲಸ?' ಎಂದು ಕೇಳಿದವರು ನಾವೇ ಅಲ್ಲವೇ? ನೀರಿನ ಕೊಡ ಹೊರುವವಳಿಗಿಂತ ನೀರಿನ ಯೋಜನೆಯನ್ನು ಚೆನ್ನಾಗಿ ಬಲ್ಲವರು ಯಾರು? ಕೇರಿಯ ಕೊನೆಯ ಮನೆಯವರು ಬಾಗಿಲ ಬಳಿ ನಿಂತೇ ಹಿಂದಿರುಗಿದಾಗ ಕುರ್ಚಿ ಸರಿಸಿ ಕರೆದವರು ನಮ್ಮಲ್ಲಿ ಎಷ್ಟು ಮಂದಿ? ಹಳ್ಳಿಯ ದನಿ ಎಂದು ನಾವು ಕರೆಯುವುದು ನಾಲ್ಕು ದೊಡ್ಡ ಮನೆಗಳ ದನಿಯಷ್ಟೇ ಆದರೆ, ವಿಧಾನಸೌಧದಿಂದ ಬರುವ ಆಜ್ಞೆಗೂ ಅದಕ್ಕೂ ಏನು ವ್ಯತ್ಯಾಸ?

ಗದಗ-ಬೆಟಗೇರಿಯ ಓದುಗರೇ, ಇದು ನಿಮಗೆ ಸಂಬಂಧಿಸಿದ್ದಲ್ಲವೆಂದು ಪುಟ ಮಗುಚಬೇಡಿ. ನಿಮ್ಮ ನಲ್ಲಿಗೆ ಬರುವ ತುಂಗಭದ್ರೆಯ ನೀರು ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಿಂದ ಬರಬೇಕು, ನಿಮ್ಮ ಮಾರುಕಟ್ಟೆಯ ಶೇಂಗಾ, ಮೆಣಸಿನಕಾಯಿ, ಉಳ್ಳಾಗಡ್ಡಿ ಸುತ್ತಲಿನ ಹಳ್ಳಿಗಳ ಹೊಲಗಳಿಂದ ಬರಬೇಕು. ಹಳ್ಳಿ ತಪ್ಪು ಯೋಜನೆಯಿಂದ ಬರಿದಾದರೆ ಪೇಟೆ ತುಂಬಿರಲಾರದು.

ಆದ್ದರಿಂದ ಮುಂದಿನ ಸಭೆಗೆ ಹೋಗಿ. ನೀವೊಬ್ಬರೇ ಅಲ್ಲ, ಮನೆಮಂದಿಯೊಂದಿಗೆ, ನೆರೆಮನೆಯವರೊಂದಿಗೆ ಹೋಗಿ. ಸಂಜೆಯ ಹೊತ್ತು ಸಭೆ ಇಡಬೇಕೆಂದು ಒಂದು ತಿಂಗಳು ಮೊದಲೇ ಬರೆದುಕೊಡಿ. ಕಳೆದ ವರ್ಷ ಏನು ಠರಾವಾಯಿತು, ಏನು ನಡೆಯಿತು, ಎಷ್ಟು ಹಣ ಬಂತು ಎಂಬುದನ್ನು ಮೊದಲು ಓದಿಸಿ. ನಡಾವಳಿಯನ್ನು ಸಭೆಯಲ್ಲೇ ಬರೆಸಿ, ಓದಿಸಿಕೊಂಡ ಮೇಲೆ ಸಹಿ ಮಾಡಿ. ಖಾಲಿ ಪುಸ್ತಕಕ್ಕೆ ಸಹಿ ಹಾಕುವ ಕೈ ತನ್ನ ಮಕ್ಕಳ ನಾಳೆಯನ್ನು ಪರರಿಗೆ ಬರೆದುಕೊಡುತ್ತದೆ. ಕಣಗಿನಹಾಳದ ಹಿರಿಯರು ತಮ್ಮ ನಾಳೆಯನ್ನು ತಾವೇ ಬರೆದುಕೊಂಡರು. ನಾವೇಕೆ ಬರೆಯಬಾರದು?