ಸೆಕೆ ಬಂತು, ನೆರಳು ಎಲ್ಲಿ?

ಮಾರ್ಚ್ ಬಂತೆಂದರೆ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾದು ನಿಂತವರ ಬಾಯಲ್ಲಿ ಒಂದೇ ಮಾತು: 'ಎಂತ ಸೆಕೆ ಮಾರಾಯ್ರೇ!' ಬೆಳ್ತಂಗಡಿ ಪೇಟೆಯಲ್ಲೂ ಮೂಡುಬಿದಿರೆಯಲ್ಲೂ ಅದೇ ರಾಗ. ಇದು ಬರೇ ಗೊಣಗಾಟವಲ್ಲ. 2023ರ ಮಾರ್ಚ್‌ನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲೇ, ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಕಲಬುರಗಿಯ ಒಣ ಬಿಸಿಲಿನಲ್ಲಿ ಬೆವರು ಆರಿ ಮೈ ಸ್ವಲ್ಪವಾದರೂ ತಂಪಾಗುತ್ತದೆ. ನಮ್ಮಲ್ಲಿ ಗಾಳಿಯೇ ಒದ್ದೆ. ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ.

ಬೇರೆ ಕಡೆಯವರು ಏನು ಮಾಡುತ್ತಾರೆ? ಸ್ಪೇನಿನ ಎಷ್ಟೋ ಊರುಗಳಲ್ಲಿ ಸಣ್ಣ ಅಂಗಡಿಗಳು ಮಧ್ಯಾಹ್ನ ಬಾಗಿಲೆಳೆದು ಸಂಜೆ ಪುನಃ ತೆರೆಯುತ್ತವೆ. ನಮ್ಮೂರ ಹುಡುಗರು ದುಡಿಯುವ ದುಬಾಯಿ, ಅಬುಧಾಬಿಗಳಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಅಷ್ಟು ದೂರ ಯಾಕೆ? ಕಲಬುರಗಿ ವಿಭಾಗದಲ್ಲಿ ಬೇಸಿಗೆಗೆ ಸರಕಾರಿ ಕಚೇರಿಗಳ ವೇಳೆಯನ್ನೇ ಬೆಳಗ್ಗೆ 8ಕ್ಕೆ ತರುವ ರೂಢಿ ಉಂಟು. 2010ರ ಬಿಸಿಗಾಳಿಯಲ್ಲಿ ಬಹಳ ಜನರನ್ನು ಕಳಕೊಂಡ ಅಹಮದಾಬಾದು 2013ರಲ್ಲಿ ಸೆಕೆಗೆಂದೇ ಒಂದು ಯೋಜನೆ ಮಾಡಿಕೊಂಡಿತು. ಎಲ್ಲ ಕಡೆಯೂ ಸೂತ್ರ ಮೂರೇ: ನೆರಳು, ನೀರು, ಹೊತ್ತು ನೋಡಿ ಕೆಲಸ.

ಈ ಸೂತ್ರ ನಮ್ಮ ಹಿರಿಯರಿಗೆ ಹೊಸತಲ್ಲ. ತಲೆಗೆ ಹಾಳೆಯ ಮುಟ್ಟಾಳೆ, ಅಂಗಳಕ್ಕೆ ಸೋಗೆಯ ಚಪ್ಪರ, ಬಂದವರಿಗೆ ಮೊದಲು ಬೆಲ್ಲ ನೀರು, ಹೊಟ್ಟೆಗೆ ಗಂಜಿ, ಬಾಯಾರಿದರೆ ಪುನರ್ಪುಳಿ. ಬಿಸಿಲು ಏರುವ ಮೊದಲೇ ತೋಟದ ಕೆಲಸ ಅರ್ಧ ಮುಗಿದಿರುತ್ತಿತ್ತು.

ಈಗ? ಬಿ.ಸಿ.ರೋಡು-ಅಡ್ಡಹೊಳೆ, ಪುಂಜಾಲಕಟ್ಟೆ-ಚಾರ್ಮಾಡಿ, ಕುಲಶೇಖರ-ಸಾಣೂರು ಹೆದ್ದಾರಿಗಳ ಅಗಲೀಕರಣಕ್ಕೆ ಸಾಲು ಸಾಲು ಮರಗಳು ಉರುಳಿದವು. ರಸ್ತೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಕಾರಿನಲ್ಲಿ ಏಸಿ ಹಾಕಿ ಹೋಗುವವನಿಗೆ ಮರ ಹೋದದ್ದು ಗೊತ್ತೇ ಆಗುವುದಿಲ್ಲ. ಮಗುವನ್ನು ಎತ್ತಿಕೊಂಡು ಬಸ್ಸಿಗೆ ಕಾಯುವ ತಾಯಿಗೆ, ಡಾಮರು ಹಾಕುವ ಕೂಲಿಯವನಿಗೆ ಗೊತ್ತಾಗುತ್ತದೆ. ತಗಡಿನ ಮಾಡಿನ ತಂಗುದಾಣ ಮಧ್ಯಾಹ್ನದ ಹೊತ್ತಿಗೆ ಒಲೆಯೇ ಸರಿ.

ಆಗಬೇಕಾದದ್ದು ಕೋಟಿಯ ಕೆಲಸವೇನಲ್ಲ. ಬಸ್ಸು ನಿಲ್ಲುವ ಪ್ರತಿ ಜಾಗದಲ್ಲೂ ನೆರಳು ಬೇಕು. ತಗಡಿನ ಮಾಡಿಗೆ ಬಿಳಿ ಬಣ್ಣವಾದರೂ ಬಳಿಯಬೇಕು. ಕಡಿದ ಮರದ ಬದಲಿಗೆ ಗಿಡ ನೆಟ್ಟರೆ ಸಾಲದು, ಮೂರು ಬೇಸಿಗೆ ನೀರು ಹಾಕಿ ಉಳಿಸಬೇಕು. ಗುತ್ತಿಗೆದಾರರು ನಡು ಮಧ್ಯಾಹ್ನ ಕೆಲಸ ನಿಲ್ಲಿಸುವಂತೆ ತಾಲೂಕು ಆಡಳಿತ ನೋಡಿಕೊಳ್ಳಬೇಕು. ವ್ಯಾಪಾರಿಗಳೂ ಅಂಗಡಿಯೆದುರು ಒಂದು ಮಣ್ಣಿನ ಮಡಕೆಯಲ್ಲಿ ನೀರಿಟ್ಟು ಪಕ್ಕದಲ್ಲಿ ಒಂದು ಲೋಟ ಇಟ್ಟರೆ ಗಂಟು ಕರಗುವುದಿಲ್ಲ. ನೀರು ಕುಡಿಯಲು ನಿಂತವನೇ ನಾಳೆಯ ಗಿರಾಕಿ.

ಮಳೆಗಾಲಕ್ಕೆ ಮುಂಚೆ ಚರಂಡಿ ಬಿಡಿಸಬೇಕೆಂದು ಪಂಚಾಯತುಗಳಿಗೆ ನೆನಪಾಗುತ್ತದೆ. ಬೇಸಿಗೆಗೆ ಮುಂಚೆ ನೆರಳಿನ ನೆನಪೂ ಆಗುವುದು ಯಾವಾಗ?